ಇಪ್ಪತ್ತು ಹೆಜ್ಜೆ ಓಡಿದ ಕಾರು

ನಮ್ಮ ಸೋದರಮಾವ ಬರುವುದು ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಗೊತ್ತಾಗುತ್ತಿತ್ತು. ಎಸ್ಟೇಟಿನ ಜೀಪು, ಟ್ರಾಕ್ಟರು, ಪಿಕಪ್ಪು, ಸ್ಟೋರಿನ ಬಾಗಿಲು, ಇಷ್ಟರ ಕೀಗಳನ್ನೂ ಒಂದೇ ಗೊಂಚಲು ಮಾಡಿ ಉಡದಾರಕ್ಕೆ ಕಟ್ಟಿಕೊಂಡಿರುತ್ತಿದ್ದ. ನಡೆದರೆ ಝಣ್ ಝಣ್. ಅವ್ವ ಆ ಸದ್ದು ಕೇಳಿಯೇ ಒಲೆಯ ಮೇಲೆ ಕಾಫಿಗೆ ನೀರಿಡುತ್ತಿದ್ದಳು. ಕಳೆದ ಕಾಫಿ ಕುಯ್ಲಿನ ಕೊನೆಗೆ ಒಂದು ಬೆಳಿಗ್ಗೆ ಅವನು ಪಾಳ್ಯದ ನಮ್ಮ ಮನೆ ಜಗಲಿಯ ಮೇಲೆ ಬಂದು ಕೂತಿದ್ದು ಯಾರಿಗೂ ಗೊತ್ತೇ ಆಗಲಿಲ್ಲ. ಕಸ ಗುಡಿಸಲು ಹೊರಗೆ ಬಂದ ಅವ್ವ ತಮ್ಮನನ್ನು ನೋಡಿ ಊಟ ಆಯ್ತಾ, ಯಾವಾಗ ಬಂದೆ ಅಂತ ಒಂದನ್ನೂ ಕೇಳಲಿಲ್ಲ.

"ಕೀ ಎಲ್ಲೋ?" ಅಂದಳು.

"ಇಸ್ಕೊಂಡ್ರು ಕಣಕ್ಕ" ಅಂದ ಮಾವ.

ಆ ಎರಡು ಮಾತಿನ ಆಚೆ ಅವನ ಬಾಯಿಂದ ಸಂಗತಿ ಹೊರಡಿಸಲು ನಮಗೆ ಮಧ್ಯಾಹ್ನದವರೆಗೆ ಹಿಡಿಯಿತು. ಮಾತಿನಲ್ಲಿ ಮಾವನನ್ನು ಮೀರಿಸುವವರು ನಮ್ಮ ಕಡೆ ಇಲ್ಲ. ನಾನು ಮಾತು ಕಲಿತದ್ದೂ ಸ್ಪಾನರ್ ಹಿಡಿಯುವುದು ಕಲಿತದ್ದೂ ಅವನ ಹತ್ತಿರವೇ. ಜೀಪು ಕೆಟ್ಟಿತು ಅಂತ ಅವನು ಯಾವತ್ತೂ ಹೇಳಿದವನಲ್ಲ. ಮುನಿಸಿಕೊಂಡಿದೆ ಅನ್ನುತ್ತಿದ್ದ, ಉಸಿರು ಹಿಡಿದಿದೆ ಅನ್ನುತ್ತಿದ್ದ, ಏರಿನಲ್ಲಿ ಮೂರನೇ ಗೇರಿಗೆ ಹಾಕಿದರೆ ಬೈಯುತ್ತದೆ ಅನ್ನುತ್ತಿದ್ದ. ಅಂಥವನು ಜಗಲಿಯ ಕಂಬಕ್ಕೆ ಒರಗಿ ಕೂತು, ಮುದ್ದೆ ಮುರಿಯದೆ ತಟ್ಟೆ ನೋಡುತ್ತಿದ್ದ.

ನಡೆದದ್ದು ಇಷ್ಟು. ಕೆ. ಹೊಸಕೋಟೆಯ ಮೇಲಿನ ಗುಡ್ಡದಲ್ಲಿ ಮಾವ ಮೂವತ್ತು ವರ್ಷದಿಂದ ಡ್ರೈವರ್ ಆಗಿರುವ ಎಸ್ಟೇಟು. ಸಾಹುಕಾರರ ಹಿರಿಯರು ಮಂಗಳೂರಿನ ಕಡೆಯಿಂದ ಬಂದವರು. ಈಗಿನ ಸಾಹುಕಾರರು ಬಹಳ ವರ್ಷ ಹೊರದೇಶದಲ್ಲಿ ಕೆಲಸ ಮಾಡಿ, ತಂದೆ ತೀರಿಕೊಂಡ ಮೇಲೆ ತೋಟ ನೋಡಿಕೊಳ್ಳಲು ವಾಪಸಾದವರು. ಬರುವಾಗ ಒಂದು ಕೆಂಪು ಕಾರು ತಂದರು. ನೆಲಕ್ಕೆ ಒತ್ತಿಕೊಂಡ ಹಾಗಿರುವ ಕಾರು, ಎರಡು ಜನ ಸುಖವಾಗಿ ಕೂರಬಹುದು, ಹಿಂದೆ ಕೂತವರ ಮಂಡಿ ಗಲ್ಲಕ್ಕೆ ಬರುತ್ತದೆ. ಅದರೊಳಗಿರುವುದು ರೋಟರಿ ಎಂಜಿನ್. ಇಡೀ ಆಲೂರು, ಸಕಲೇಶಪುರ ಸೀಮೆಯಲ್ಲಿ ಅಂಥದ್ದು ಇನ್ನೊಂದನ್ನು ನಾನು ನೋಡಿಲ್ಲ. ಪ್ರತಿ ಭಾನುವಾರ ಅದರಲ್ಲಿ ಗಂಡ ಹೆಂಡತಿ ಸಕಲೇಶಪುರದ ಚರ್ಚಿಗೆ ಹೋಗಿ ಬರುತ್ತಿದ್ದರು. ಅದು ಹೋಗುವಾಗ ಜೇನು ಎದ್ದ ಹಾಗೆ ಸದ್ದು. ಗದ್ದೆಯಲ್ಲಿದ್ದವರು ಸೊಂಟ ನೆಟ್ಟಗೆ ಮಾಡಿ ನೋಡುತ್ತಿದ್ದರು.

ಕುಯ್ಲು ಶುರುವಾಗುವ ಹೊತ್ತಿಗೆ ಸಾಹುಕಾರರಿಗೆ ಮಂಡಿ ಆಪರೇಷನ್ ಆಯಿತು. ಎರಡು ತಿಂಗಳು ಮಂಗಳೂರಿನಲ್ಲಿ ತಂಗಿಯ ಮನೆಯಲ್ಲಿದ್ದರು. ಹೋಗುವಾಗ ಕಾರಿನ ಕೀಯನ್ನು ಮಾವನ ಕೈಗೆ ಕೊಟ್ಟು, ರೋಡಿಗೆ ಮಾತ್ರ ಇಳಿಸಬೇಡ ಅಂದಿದ್ದರು. ವಾಪಸು ಬಂದು, ಕೋಲೂರಿಕೊಂಡು ಮೊದಲು ಹೋದದ್ದು ಕಾರಿನ ಹತ್ತಿರ. ಕೂತು ಕೀ ತಿರುಗಿಸಿದರೆ ಕಾರು ತೌಡು ಕುಟ್ಟಿದ ಹಾಗೆ ಸದ್ದು ಮಾಡಿತೇ ವಿನಾ ಹತ್ತಲಿಲ್ಲ. ಪಟ್ಟಣದಿಂದ ಒಬ್ಬ ಮೆಕ್ಯಾನಿಕ್ಕನ್ನು ಕರೆಸಿದರು. ಅವನು ಗೇಜು ಹಾಕಿ ನೋಡಿ, ಕಂಪ್ರೆಷನ್ನೇ ಇಲ್ಲ, ಒಳಗೆ ಒತ್ತಡವೇ ಹುಟ್ಟುತ್ತಿಲ್ಲ, ಎಂಜಿನ್ ಮುಗಿದಿದೆ, ಯಾರೋ ಸಿಕ್ಕಾಪಟ್ಟೆ ಓಡಿಸಿ ಕೆಡಿಸಿದ್ದಾರೆ ಅಂತ ಹೇಳಿ ಹೋದ.

ಯಾರೋ ಅಂದರೆ ಯಾರು? ಕೀ ಇದ್ದದ್ದು ಒಬ್ಬನ ಸೊಂಟದಲ್ಲಿ.

ಸಾಹುಕಾರರು ಬೈಯಲಿಲ್ಲವಂತೆ. ಬೈದಿದ್ದರೆ ಮಾವ ಸಂಜೆಯ ಹೊತ್ತಿಗೆ ಮರೆಯುತ್ತಿದ್ದ. "ಕೀ ಎಲ್ಲ ಕೊಟ್ಟು ಹೋಗು ಮಾರಾಯ" ಅಂದರಂತೆ ಅಷ್ಟೆ. ಜೀಪಿನದೂ, ಟ್ರಾಕ್ಟರಿನದೂ. ಮಾವ ಉಡದಾರ ಬಿಚ್ಚಿ ಗೊಂಚಲನ್ನು ಮೇಜಿನ ಮೇಲಿಟ್ಟು, ಬಸ್ಸು ಹತ್ತಿ ಅಕ್ಕನ ಮನೆಗೆ ಬಂದಿದ್ದ.

"ನಾನು ರೋಡಿಗೆ ಇಳಿಸಿಲ್ಲ ಕಣೋ" ಅಂದ ನನಗೆ. "ಅಷ್ಟು ಅವರಿಗೆ ಗೊತ್ತಾದ್ರೆ ಸಾಕು. ಕೆಲಸ ಇನ್ನೆಲ್ಲಾದ್ರೂ ಸಿಗ್ತದೆ."

ಮೀಟರ್ ನೋಡಿ ಅನ್ನಬಹುದಿತ್ತಲ್ಲ ಮಾವ, ಎಷ್ಟು ಕಿಲೋಮೀಟರ್ ಓಡಿದೆ ಅಂತ ಅದೇ ಹೇಳುತ್ತದೆ ಅಂದೆ. ಮಾವ ನನ್ನನ್ನು ಎಂಟು ವರ್ಷದ ಹುಡುಗನನ್ನು ನೋಡುವ ಹಾಗೆ ನೋಡಿದ.

"ಮೂವತ್ತು ವರ್ಷ ಆದ್ಮೇಲೆ ನನ್ನ ಪರವಾಗಿ ಮೀಟರ್ ಮಾತಾಡ್ಬೇಕಾ?"

ಬರುವ ಸೋಮವಾರ ಲಾರಿ ಬಂದು ಕಾರನ್ನು ಹೇರಿಕೊಂಡು ಹೋಗುತ್ತದೆ, ಎಂಜಿನ್ ಕಿತ್ತು ಬೇರೆ ಯಾವುದನ್ನೋ ಕೂರಿಸುತ್ತಾರೆ ಅನ್ನುವುದು ಆಮೇಲೆ ತಿಳಿಯಿತು. ಹಾಗೆ ಹೋಯಿತೆಂದರೆ, ಮಾವ ಕೆಡಿಸಿದ ಅನ್ನುವ ಮಾತು ಗುಡ್ಡದಲ್ಲಿ ಕಲ್ಲಿನ ಹಾಗೆ ಕೂತುಬಿಡುತ್ತದೆ. ಅವತ್ತು ಬುಧವಾರ.

ಗುರುವಾರ ಬೆಳಿಗ್ಗೆ ನನ್ನ ಗ್ಯಾರೇಜಿಗೆ ಬೀಗ ಹಾಕಿ ಎಸ್ಟೇಟಿಗೆ ಹೋದೆ. ನನ್ನದು ಕೆ. ಹೊಸಕೋಟೆಯಲ್ಲಿ ಒಂದು ತಗಡಿನ ಶೆಡ್ಡು. ಜೀಪು, ಪಿಕಪ್ಪು, ಔಷಧಿ ಹೊಡೆಯುವ ಪಂಪು, ಹುಲ್ಲು ಕೊಚ್ಚುವ ಮಿಷಿನ್ನು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮೋಟಾರು, ಇಷ್ಟು ನನ್ನ ವಿದ್ಯೆ. ಹೊರದೇಶದ ಕಾರಿಗೆ ನಾನು ಕೈ ಹಾಕುತ್ತೇನೆ ಅಂದಾಗ ಸಾಹುಕಾರರು ಚಾವಡಿಯಲ್ಲಿ ಕಾಲು ಚಾಚಿ ಕೂತಿದ್ದರು.

"ಸತ್ತದ್ದಕ್ಕೆ ಇನ್ನು ಎಂತ ಆಗ್ಲಿಕ್ಕುಂಟು? ನೋಡು" ಅಂದರು. ಮಾವನ ವಿಷಯ ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಗೊಂಚಲು ಇನ್ನೂ ಮೇಜಿನ ಮೇಲೆಯೇ ಇತ್ತು.

ಮೊದಲ ದಿನ ನಾನು ಮಾಡಿದ್ದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ. ಜೀಪು ಹತ್ತದಿದ್ದರೆ ಏನು ಮಾಡುತ್ತೇವೋ ಅದನ್ನೇ ಮಾಡಿದೆ. ಸೆಲ್ಫ್ ಹೊಡೆದೆ, ಬಿಟ್ಟೆ, ಮತ್ತೆ ಹೊಡೆದೆ. ಬ್ಯಾಟರಿ ಸುಸ್ತಾಯಿತು. ಗುಡ್ಡದ ಮೇಲಿನವರಿಗೆ ಇನ್ನೊಂದು ವಿದ್ಯೆ ಇದ್ದೇ ಇದೆ: ಇಳಿಜಾರಿನಲ್ಲಿ ತಳ್ಳಿ, ಗೇರಿಗೆ ಹಾಕಿ ಕ್ಲಚ್ ಬಿಡುವುದು. ಕಣದಲ್ಲಿ ಕಾಫಿ ಹರಡುತ್ತಿದ್ದ ಹೆಂಗಸರನ್ನು ಕರೆದು ತಳ್ಳಿಸಿದೆ. ಕಾರು ಗುಟುರು ಹಾಕಿತು, ಹಿಂದಿನಿಂದ ಪೆಟ್ರೋಲ್ ವಾಸನೆ ಬಿಟ್ಟಿತು, ಹೋಗಿ ಕೆಳಗೆ ಪಲ್ಪರ್ ಮನೆಯ ಹತ್ತಿರ ನಿಂತುಬಿಟ್ಟಿತು. ಅದನ್ನು ಟ್ರಾಕ್ಟರಿಗೆ ಕಟ್ಟಿ ಮೇಲೆ ಎಳೆಸಬೇಕಾಯಿತು. ಹೆಂಗಸರಲ್ಲಿ ಹಿರಿಯಳಾದ ಒಬ್ಬಳು, ನಲವತ್ತು ಕುಯ್ಲು ಕಂಡವಳು, ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು.

"ನಮ್ಮನೇವ್ರು ಸ್ಕೂಟರ್ ಹತ್ತದಿದ್ರೆ ಮಗ್ಗುಲಿಗೆ ವಾಲಿಸ್ತಿದ್ರಪ್ಪ. ಇದನ್ನೂ ವಾಲ್ಸಾನ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ನಗು ನಿಂತ ಮೇಲೆ ಅವಳ ಮಾತು ತಲೆಯಲ್ಲಿ ಉಳಿಯಿತು. ಸ್ಕೂಟರನ್ನು ವಾಲಿಸುತ್ತಿದ್ದುದು ಯಾಕೆ? ಪೆಟ್ರೋಲ್ ಹೆಚ್ಚಾಗಿ ಉಸಿರು ಕಟ್ಟಿದಾಗ. ಪ್ಲಗ್ ಬಿಚ್ಚಿದೆ. ನಾಲ್ಕಿದ್ದವು, ನಾಲ್ಕೂ ಹುಣಸೆಹಣ್ಣು ಹಿಂಡಿದ ಕೈಯ ಹಾಗೆ ತೊಯ್ದಿದ್ದವು.

ಕಾರಿನ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಒಂದು ಪುಸ್ತಕ ಇತ್ತು. ಕಾರಿನ ಜೊತೆ ಬರುವ ಪುಸ್ತಕ, ಪ್ಲಾಸ್ಟಿಕ್ ಕವರ್ ಕೂಡ ಹರಿದಿರಲಿಲ್ಲ. ಅಂಥ ಪುಸ್ತಕವನ್ನು ಯಾರು ಓದುತ್ತಾರೆ? ಅದರ ಇಂಗ್ಲಿಷನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿಕೊಂಡೆ. ತಿಳಿಯದ್ದನ್ನು ನೆಟ್‌ವರ್ಕ್ ಸಿಗುವ ತಿರುವಿನಲ್ಲಿ ನಿಂತು ಫೋನಿನಲ್ಲಿ ನೋಡಿದೆ. ಎರಡು ಗಂಟೆಯಲ್ಲಿ, ಮೂವತ್ತೆಂಟು ವರ್ಷ ನನಗೆ ಗೊತ್ತಿರದ ಒಂದು ಪ್ರಾಣಿಯ ಪರಿಚಯ ಆಯಿತು.

ನಾವು ಕಂಡ ಎಂಜಿನ್ನುಗಳಲ್ಲಿ ಪಿಸ್ಟನ್ನು ಒನಕೆಯ ಹಾಗೆ ಮೇಲೆ ಕೆಳಗೆ ಕುಟ್ಟುತ್ತದೆ. ಇದರಲ್ಲಿ ಒನಕೆಯಿಲ್ಲ, ಬೀಸುವ ಕಲ್ಲು. ಆ ಕಲ್ಲೂ ದುಂಡಗಿಲ್ಲ, ಹೊಟ್ಟೆ ಉಬ್ಬಿದ ಸಮೋಸದ ಹಾಗೆ ಮೂರು ಮೂಲೆ. ನಡು ಸ್ವಲ್ಪ ಕುಗ್ಗಿದ ಕಡಲೆಕಾಯಿ ಆಕಾರದ ಗೂಡಿನಲ್ಲಿ ಅದು ಸುತ್ತುತ್ತದೆ. ಮೂಲೆಗೊಂದು ಸಣ್ಣ ಪಟ್ಟಿ. ಆ ಪಟ್ಟಿ ಗೂಡಿನ ಗೋಡೆಗೆ ಆಯಿಲ್ಲಿನ ತೆಳುವಾದ ಪಸೆಯ ಮೇಲೆ ಅಂಟಿಕೊಂಡು ಜಾರುತ್ತಿದ್ದರೆ ಮಾತ್ರ ಒಳಗೆ ಗಾಳಿ ಹಿಡಿದು ನಿಲ್ಲುತ್ತದೆ, ಒತ್ತಡ ಹುಟ್ಟುತ್ತದೆ. ಈಗ ಕೇಳಿ. ತಣ್ಣಗಿರುವಾಗ ಬೇಗ ಹತ್ತಿಕೊಳ್ಳಲಿ ಅಂತ ಕಾರು ತಾನಾಗಿಯೇ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಮೈ ಬಿಸಿಯಾಗುವವರೆಗೆ ಬಿಟ್ಟರೆ ಅದಷ್ಟೂ ಉರಿದು ಹೋಗುತ್ತದೆ. ಹತ್ತಿದ ಕೂಡಲೇ ಆಫ್ ಮಾಡಿದರೆ ಉರಿಯದ ಪೆಟ್ರೋಲ್ ಒಳಗೇ ಉಳಿದು ಗೋಡೆಯ ಪಸೆಯನ್ನು ತೊಳೆದುಬಿಡುತ್ತದೆ. ಪಸೆ ಹೋದರೆ ಒತ್ತಡವಿಲ್ಲ, ಒತ್ತಡವಿಲ್ಲದಿದ್ದರೆ ಹತ್ತುವುದಿಲ್ಲ. ಹತ್ತಲಿಲ್ಲ ಅಂತ ನನ್ನಂಥ ಜಾಣ ಮತ್ತೆ ಮತ್ತೆ ಸೆಲ್ಫ್ ಹೊಡೆದರೆ ಪ್ರತಿ ಸಲವೂ ಇನ್ನಷ್ಟು ಪೆಟ್ರೋಲ್ ಸುರಿದು ಅದನ್ನು ಮುಳುಗಿಸಿದ ಹಾಗೆ. ಪಟ್ಟಣದವನ ಗೇಜು ಸುಳ್ಳು ಹೇಳಿರಲಿಲ್ಲ, ಅವನು ಅದನ್ನು ತಪ್ಪಾಗಿ ಓದಿದ್ದ.

ಅಂದರೆ ಎಂಜಿನ್ ಸತ್ತಿರಲಿಲ್ಲ. ಇಷ್ಟು ಹೊತ್ತಿಗೆ ನನಗೆ ಕುಣಿಯುವಷ್ಟು ಸಂತೋಷವಾಗಿತ್ತು. ಆದರೆ ಹತ್ತಿದ ಕೂಡಲೇ ಆಫ್ ಮಾಡಿದ್ದು ಯಾರು, ಯಾಕೆ?

ಹಿರಿಯಳನ್ನೇ ಕೇಳಿದೆ. ಅವಳು ಕಾಫಿಯನ್ನು ಕಾಲಿನಿಂದ ಗೆರೆ ಗೆರೆಯಾಗಿ ಕೆದರುತ್ತಲೇ ಹೇಳಿದಳು. ಆನೆ ಕಾಟ ಹೆಚ್ಚಾದ ಮೇಲೆ ಕಾರನ್ನು ಹೊರಗೆ ಬಿಡುವ ಹಾಗಿರಲಿಲ್ಲ. ಸಂಜೆ ಸ್ಟೋರಿನೊಳಗೆ ಹಾಕುವುದು. ಬೆಳಿಗ್ಗೆ ಸ್ಟೋರಿನಿಂದ ಮೂಟೆ ತರಬೇಕು, ದಾರಿಗೆ ಕಾರು ಅಡ್ಡ. ಹಾಗಾಗಿ ಮಾವ ಬಂದು ಕಾರನ್ನು ಹೊರಗೆ ತಂದು, ಕಣದ ಅಂಚಿನ ಸಿಲ್ವರ್ ಓಕ್ ಮರದ ಬುಡದಲ್ಲಿ ನಿಲ್ಲಿಸುತ್ತಿದ್ದ. ಅಲ್ಲಿಗೆ ಇಪ್ಪತ್ತು ಹೆಜ್ಜೆ. ಸಂಜೆ ಮತ್ತೆ ಇಪ್ಪತ್ತು ಹೆಜ್ಜೆ ಒಳಕ್ಕೆ.

"ಬುರ್ ಅನ್ನೋದು, ಟಪ್ ಅನ್ನೋದು" ಅಂದಳು. "ನಾನು ಒಂದು ಎಲೆ ಅಡಿಕೆ ಹಾಕ್ಕೊಳೋಷ್ಟು ಹೊತ್ತೂ ಇಲ್ಲ. ಎಣ್ಣೆ ಸುಡಬಾರದು ಅಂತ ಭಾರಿ ನಿಗಾ ನಿಮ್ಮ ಮಾವಂಗೆ."

ನಾನು ಕಣದ ಕಟ್ಟೆಯ ಮೇಲೆ ಕೂತುಬಿಟ್ಟೆ. ಎರಡು ತಿಂಗಳು, ದಿನಕ್ಕೆ ಎರಡು ಸಲ, ಡಿಸೆಂಬರ್, ಜನವರಿಯ ಚಳಿಯಲ್ಲಿ. ಕಾರು ಕೆಟ್ಟದ್ದು ಓಡಿಸಿದ್ದಕ್ಕಲ್ಲ, ಓಡಿಸದೇ ಇದ್ದದ್ದಕ್ಕೆ. ಮಾವ ಸಾಹುಕಾರರ ಮಾತನ್ನು ಚಾಚೂ ತಪ್ಪದೆ ನಡೆಸಿದ್ದೇ ಅದನ್ನು ಮುಳುಗಿಸಿತ್ತು. ಅವನ ಮೇಲಿನ ದೂರು ಸುಳ್ಳು ಅಂತ ತೋರಿಸಲು ಹೋದವನಿಗೆ ದೂರು ಅರ್ಧ ನಿಜ ಅಂತ ಸಿಕ್ಕಿತ್ತು.

ಶುಕ್ರವಾರವೂ ಶನಿವಾರವೂ ಎಂಜಿನ್ ಒಣಗಿಸುವುದೇ ಕೆಲಸ. ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತೆ, ಕಿಡಿ ಕೊಡುವ ಕಾಯಿಲ್‌ಗಳ ವೈರು ಬಿಚ್ಚಿದೆ. ಸುತ್ತ ಯಾರೂ ಬೀಡಿ ಹಚ್ಚಬಾರದು ಅಂತ ಸಾರಿದೆ. ಪ್ಲಗ್ ಇಲ್ಲದ ತೂತುಗಳಿಂದ ಎಂಜಿನ್ ಉಸಿರು ಬಿಡಲಿ ಅಂತ ಹತ್ತು ಎಣಿಸುವಷ್ಟು ಹೊತ್ತು ಸೆಲ್ಫ್ ಹೊಡೆಯುವುದು, ನಿಲ್ಲಿಸುವುದು, ಮತ್ತೆ ಹೊಡೆಯುವುದು. ತೂತಿನಿಂದ ಪೆಟ್ರೋಲ್ ಮಂಜಿನ ಹಾಗೆ ಹಾರಿತು. ಪ್ಲಗ್ಗುಗಳನ್ನು ಉಜ್ಜಿ ಬಿಸಿಲಿಗಿಟ್ಟೆ. ಸಿರಿಂಜಿನಲ್ಲಿ ಒಂದಿಷ್ಟು ಎಂಜಿನ್ ಆಯಿಲ್ ತೆಗೆದು ತೂತಿಗೆ ಬಿಟ್ಟು, ತೊಳೆದುಹೋದ ಪಸೆ ಮತ್ತೆ ಹಿಡಿಯಲಿ ಅಂತ ಕೈಯಿಂದ ಸುತ್ತಿಸಿದೆ. ಬ್ಯಾಟರಿಯನ್ನು ಗ್ಯಾರೇಜಿಗೆ ಒಯ್ದು ಇಡೀ ರಾತ್ರಿ ಚಾರ್ಜಿಗೆ ಹಾಕಿದೆ.

ಭಾನುವಾರ ಬೆಳಿಗ್ಗೆ ಪಾಳ್ಯಕ್ಕೆ ಹೋಗಿ ಮಾವನನ್ನು ಬೈಕಿಗೆ ಹತ್ತಿಸಿಕೊಂಡೆ. ಬರಲು ಅವನು ಒಪ್ಪಿರಲಿಲ್ಲ. ಅವ್ವ ಚಪ್ಪಲಿ ತಂದು ಅವನ ಕಾಲ ಮುಂದೆ ಹಾಕಿದ ಮೇಲೆ ಎದ್ದ. ದಾರಿಯಲ್ಲಿ ಎಲ್ಲವನ್ನೂ ಹೇಳಿದೆ. ಎದುರಿಗೆ ನಿಂತು ಹೇಳಲು ಧೈರ್ಯ ಇಲ್ಲದೆ ಬೈಕಿನ ಮೇಲೆ, ಅವನ ಮುಖ ಕಾಣದ ಹಾಗೆ ಹೇಳಿದೆ ಅನ್ನುವುದೇ ಸರಿ.

"ಅಂದ್ರೆ ಕೆಡ್ಸಿದ್ದು ನಾನೇ ಆಯ್ತಲ್ಲೋ" ಅಂದ ಬೆನ್ನ ಹಿಂದಿನಿಂದ.

"ಗೊತ್ತಿರಲಿಲ್ಲ ಮಾವ. ಗೊತ್ತಿದ್ದೋರು ಯಾರಿದ್ರು?"

ಮಾವ ಎಸ್ಟೇಟಿನ ಗೇಟಿನಲ್ಲಿ ಇಳಿದು, ಪಂಚೆ ಸರಿಮಾಡಿಕೊಂಡು ನನಗಿಂತ ಮುಂದೆ ನಡೆದ.

ಸಾಹುಕಾರರೂ ಅಮ್ಮಾವ್ರೂ ಪಿಕಪ್ಪಿನಲ್ಲಿ ಚರ್ಚಿಗೆ ಹೋಗಿ ಆಗಷ್ಟೇ ಬಂದಿದ್ದರು. ನಾನು ಮೊದಲೇ ಒಂದು ಮಾತು ಸಿದ್ಧ ಮಾಡಿಕೊಂಡಿದ್ದೆ. ಪ್ಲಗ್ ಹಳೆಯದಾಗಿತ್ತು, ಚಳಿ ಜಾಸ್ತಿ, ನಮ್ಮ ಹವೆ ಇದಕ್ಕೆ ಹಿಡಿಸಲಿಲ್ಲ, ಹೀಗೆ ಯಾರ ಮೇಲೂ ಬೀಳದ ಮಾತು. ಅದನ್ನು ಅರ್ಧ ಹೇಳಿದ್ದೆ, ಮಾವ ಕೈಯೆತ್ತಿ ನನ್ನನ್ನು ನಿಲ್ಲಿಸಿದ.

"ಇವನು ನನ್ನ ಮುಖ ನೋಡಿ ಹೇಳ್ತಾವ್ನೆ ಸಾಹುಕಾರ್ರೇ. ರೋಡಿಗೆ ನಾನು ಇಳಿಸಿಲ್ಲ. ಆದ್ರೆ ಕೆಟ್ಟಿದ್ದು ನನ್ನ ಕೈಯಿಂದಲೇ. ದಿನಾ ಇಪ್ಪತ್ತು ಹೆಜ್ಜೆ ತಂದು ಟಪ್ಪಂತ ಆಫ್ ಮಾಡ್ತಿದ್ದೆ. ಹಂಗೆ ಮಾಡಬಾರದಂತೆ ಇದಕ್ಕೆ."

ಸಾಹುಕಾರರು ನನ್ನ ಕಡೆ ತಿರುಗಿದರು. ಇನ್ನು ಮುಚ್ಚಿಡುವುದು ಏನಿದೆ? ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಒತ್ತಡ, ಪಸೆ, ಮೂರು ಮೂಲೆ ಅಂತ ನಾನು ಗಾಳಿಯಲ್ಲಿ ಚಿತ್ರ ಬರೆಯುತ್ತಿದ್ದರೆ ಅವರ ಹುಬ್ಬು ಗಂಟಿಕ್ಕುತ್ತಲೇ ಹೋಯಿತು. ಅರ್ಥ ಆದದ್ದು ಅಮ್ಮಾವ್ರಿಗೆ.

"ಹಸಿ ಸೌದೆಗೆ ಸೀಮೆಎಣ್ಣೆ ಸುರಿದು ಸುರಿದು ಒಲೆ ಕೆಡಿಸಿದ ಹಾಗೆ ಆಯ್ತಲ್ಲ ಇದು" ಅಂದರು. ಆಮೇಲೆ ಗಂಡನ ಕಡೆಗೆ, "ರೋಡಿಗೆ ಇಳಿಸಬೇಡ ಅಂತ ಹೇಳಿದ್ದು ನೀವೇ ಅಲ್ವಾ? ಆ ಬುಕ್ಕು ನಿಮ್ಮ ಕಾರಿನಲ್ಲೇ ಇತ್ತಲ್ವಾ?" ಅಂದರು.

ಸಾಹುಕಾರರು ಕೋಲಿನ ತುದಿಯಿಂದ ನೆಲದ ಮೇಲೆ ಬಿದ್ದಿದ್ದ ಒಂದು ಕಾಫಿ ಬೀಜವನ್ನು ಅತ್ತ ಇತ್ತ ಉರುಳಿಸಿದರು. ಒಬ್ಬರು ಒಳಗೆ ಕೂತು ಎಕ್ಸಲೇಟರ್ ಪೂರ್ತಿ ತುಳಿದು ಸೆಲ್ಫ್ ಹೊಡೆಯಬೇಕು, ನಾನು ಎಂಜಿನ್ ಹತ್ತಿರ ಇರಬೇಕು ಅಂದೆ. ಅವರ ಮಂಡಿಯಲ್ಲಿ ತುಳಿಯುವ ಶಕ್ತಿ ಇರಲಿಲ್ಲ. ಒಳಗೆ ಹೋದರು. ಕೋಲಿನ ಸದ್ದು ಚಾವಡಿಯವರೆಗೆ ಹೋಗಿ ವಾಪಸು ಬಂತು. ಅವರು ತಂದದ್ದು ಕಾರಿನ ಕೀ ಒಂದನ್ನೇ. ಅದನ್ನು ಮಾವನ ಕೈಗೆ ಕೊಟ್ಟರು. ಗೊಂಚಲು ಮೇಜಿನ ಮೇಲೆಯೇ ಉಳಿದದ್ದನ್ನು ಮಾವನೂ ಗಮನಿಸಿದ ಅನ್ನುವುದು ಅವನ ಕೈ ಬರಿಯ ಉಡದಾರವನ್ನು ಸವರಿದ್ದರಿಂದ ನನಗೆ ಗೊತ್ತಾಯಿತು.

ಬ್ಯಾಟರಿ, ಪ್ಲಗ್ಗು, ವೈರು ಎಲ್ಲ ವಾಪಸು ಕೂರಿಸಿ, ಪೆಟ್ರೋಲ್ ಪಂಪಿನ ಫ್ಯೂಸ್ ಮಾತ್ರ ಹೊರಗಿಟ್ಟಿದ್ದೆ. ಮೊದಲ ಸಲ ಬರೀ ಉಬ್ಬಸ. ಎರಡನೇ ಸಲವೂ ಹಾಗೇ. ಟ್ರಾಕ್ಟರ್ ಬ್ಯಾಟರಿಯಿಂದ ಕೇಬಲ್ ಕೊಟ್ಟೆ, ಫ್ಯೂಸ್ ಹಾಕಿದೆ. ಮೂರನೇ ಸಲಕ್ಕೆ ಎಲ್ಲೋ ಒಳಗೆ ಒಂದೇ ಒಂದು ಏಟು ಬಿತ್ತು, ದೂರದಲ್ಲಿ ಯಾರೋ ಬಾಗಿಲು ತಟ್ಟಿದ ಹಾಗೆ. ಬಿಡಬೇಡ ಮಾವ ಅಂದೆ. ಇನ್ನೊಂದು ಏಟು. ಆಮೇಲೆ ಹಿಂದಿನಿಂದ ಬಿಳಿ ಹೊಗೆ ನುಗ್ಗಿ ಬಂತು ನೋಡಿ, ಕಣ, ಹೆಂಗಸರು, ಸಾಹುಕಾರರು ಎಲ್ಲ ಮಾಯ. ಹೊಗೆಯೊಳಗಿಂದ ಜೇನು ಎದ್ದ ಸದ್ದು ಮಾತ್ರ ಕೇಳುತ್ತಿತ್ತು. ನನ್ನ ಕೆನ್ನೆಯ ಮೇಲೆ ಏನೋ ಹರಿಯಿತು. ಹೊಗೆಗೆ ಅಂತಲೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ.

ಹೊಗೆ ತೆಳುವಾದಾಗ ಮಾವ ಸ್ಟೇರಿಂಗ್ ಹಿಡಿದು ಅಲ್ಲಾಡದೆ ಕೂತಿದ್ದ. ಸಾಹುಕಾರರು ಹತ್ತಿರ ಹೋಗಿ ಕಿಟಕಿಯಲ್ಲಿ ಬಗ್ಗಿದರು. ಅವರ ಕಣ್ಣು ಮೀಟರ್ ಕಡೆ ಹೋಗುತ್ತದೇನೋ ಅಂತ ನಾನು ಕಾದೆ. ಹೋಗಲಿಲ್ಲ.

"ಬಿಸಿ ಆಗುವವರೆಗೆ ನಿಲ್ಲಿಸ್ಬಾರ್ದಂತಲ್ಲ ಮಾರಾಯ" ಅಂದರು. "ನಡಿ, ರೋಡಿಗೆ ಇಳಿಸು. ನಾನೂ ಬರ್ತೇನೆ."

ಹೋದವರು ಹಾಸನದ ದಾರಿಯಲ್ಲಿ ಎಷ್ಟು ದೂರ ಹೋದರೋ, ಏನು ಮಾತಾಡಿದರೋ, ಮಾವ ಇವತ್ತಿಗೂ ಬಾಯಿ ಬಿಟ್ಟಿಲ್ಲ. ವಾಪಸು ಬಂದ ಮೇಲೆ ಗೊಂಚಲನ್ನು ಮಾವನೇ ಮೇಜಿನಿಂದ ಎತ್ತಿಕೊಂಡ. ಯಾರೂ ಕೊಡಲಿಲ್ಲ, ಯಾರೂ ತಡೆಯಲಿಲ್ಲ. ಸೋಮವಾರದ ಲಾರಿಗೆ ಬರಬೇಡ ಅಂತ ಫೋನ್ ಹೋಯಿತು.

ಈ ವರ್ಷದ ಕುಯ್ಲಿನಲ್ಲಿ ಪಲ್ಪರ್ ಮೋಟಾರು ನೋಡಲು ಹೋದಾಗ ಕಣದಲ್ಲಿ ಹೊಸ ಪದ್ಧತಿ ಕಂಡೆ. ಬೆಳಿಗ್ಗೆ ಮೂಟೆ ತೆಗೆಯುವ ಮೊದಲು ಆರು ಜನ ಹೆಂಗಸರು ಕಾರಿನ ಹಿಂದೆ ಕೈಯಿಡುತ್ತಾರೆ. ಮಾವ ಒಳಗೆ ಕೂತು ನ್ಯೂಟ್ರಲ್ ಮಾಡಿ ಸ್ಟೇರಿಂಗ್ ತಿರುಗಿಸುತ್ತಾನೆ. ಎಂಜಿನ್ ತಂಟೆಗೇ ಹೋಗುವುದಿಲ್ಲ. ಇಪ್ಪತ್ತು ಹೆಜ್ಜೆ. ಹಿರಿಯಳು ಹಿಂದಿನಿಂದ, "ಮದ್ಲಿಂಗ ಸ್ವಲ್ಪ ತೆಳ್ಳಗಾಗ್ಬೇಕಿತ್ತು ಕಣ್ರೇ" ಅನ್ನುತ್ತಾಳೆ. ಮಾವ ಕನ್ನಡಿಯಲ್ಲಿ ಅವಳನ್ನು ನೋಡಿ ಮೀಸೆ ತಿರುವುತ್ತಾನೆ.

ಇನ್ನೊಂದು ಪದ್ಧತಿ ನಮ್ಮ ಮನೆಗೆ ಸಂಬಂಧಿಸಿದ್ದು. ವಾರಕ್ಕೊಂದು ಸಲವಾದರೂ ಕಾರು ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಬೇಕು. ಭಾನುವಾರ ಸಾಹುಕಾರರೇ ಓಡಿಸುತ್ತಾರೆ. ಅವರಿಗೆ ಆಗದ ವಾರ ಮಾವನಿಗೆ ಅಪ್ಪಣೆ, ಎಲ್ಲಿಗಾದರೂ ಹೋಗಿ ಬಾ ಅಂತ. ಅವನಿಗೆ ಎಲ್ಲಿಗಾದರೂ ಅಂದರೆ ಪಾಳ್ಯ. ಗದ್ದೆಯ ತಿರುವಿನಲ್ಲಿ ಜೇನಿನ ಸದ್ದು ಕೇಳಿದ ಕೂಡಲೇ ಅವ್ವ ನೀರಿಡುತ್ತಾಳೆ. ಕಾರು ಬಂದು ಬಾಗಿಲಲ್ಲಿ ನಿಂತರೂ ಮಾವ ಇಳಿಯುವುದಿಲ್ಲ. ಆಫ್ ಮಾಡುವ ಮೊದಲು ಎಂಜಿನ್ನಿಗೆ ಸ್ವಲ್ಪ ರೈಸ್ ಕೊಟ್ಟು, ಉಳಿದ ಪೆಟ್ರೋಲ್ ಉರಿದು ಹೋಗಲಿ ಅಂತ ಹತ್ತು ಎಣಿಸಬೇಕು ಅಂತ ನಾನು ಹೇಳಿಕೊಟ್ಟಿದ್ದೆ. ಅವನು ರಾಗಿ ಅಳೆಯುವ ಹಾಗೆ, ಒಂದು ಅನ್ನುವ ಕಡೆ ಲಾಭ ಅಂದು, ಎರಡು, ಮೂರು ಅಂತ ಗಟ್ಟಿಯಾಗಿ ಎಣಿಸುತ್ತಾನೆ, ಒಂದನ್ನೂ ಬಿಡುವುದಿಲ್ಲ.

"ಕಾಫಿ ಆರ್ತದೆ ಬಾರೋ" ಅನ್ನುತ್ತಾಳೆ ಅವ್ವ.

"ಇರಕ್ಕ, ಏಳಾಗೈತೆ" ಅನ್ನುತ್ತಾನೆ ಮಾವ.

ಹತ್ತು ಆಗುತ್ತದೆ, ಸದ್ದು ನಿಲ್ಲುತ್ತದೆ. ಆಮೇಲೆ ಜಗಲಿಯ ಮೆಟ್ಟಿಲ ಮೇಲೆ ಝಣ್ ಝಣ್.